ಅರುಣ್ ಖೇತ್ರಪಾಲ್ ಆ ಟ್ಯಾಂಕ್ ಏಕೆ ಬಿಡಲಿಲ್ಲ: ಬಸಂತರ್ ಕದನದ ಒಳಲೆಕ್ಕ

1971ರ ಡಿಸೆಂಬರ್ 16 ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಢಾಕಾ. ಸಂಜೆ ನಾಲ್ಕೂವರೆಯ ಸುಮಾರಿಗೆ ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು, ಯುದ್ಧ ಗೆದ್ದಾಯಿತು. ಅದೇ ದಿನ ಬೆಳಿಗ್ಗೆ, ಅಲ್ಲಿಂದ ಸಾವಿರದೈನೂರು ಕಿಲೋಮೀಟರಿಗೂ ದೂರದ ಪಶ್ಚಿಮ ಗಡಿಯಲ್ಲಿ, ಜರ್ಪಾಲ್ ಎಂಬ ಹಳ್ಳಿಯ ಪಕ್ಕದ ಬಯಲಿನಲ್ಲಿ ಒಂದು ಟ್ಯಾಂಕ್ ಉರಿಯುತ್ತಿತ್ತು. ಅದರೊಳಗಿದ್ದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಹುಟ್ಟಿದ್ದು 1950ರ ಅಕ್ಟೋಬರ್ 14ರಂದು, ಪುಣೆಯಲ್ಲಿ. ಸೇನೆಗೆ ಅಧಿಕಾರಿಯಾಗಿ ಸೇರಿದ್ದು 1971ರ ಜೂನ್ 13ರಂದು. ಅಂದರೆ ವಯಸ್ಸು 21 ವರ್ಷ 2 ತಿಂಗಳು, ಸೇವೆ ಆರು ತಿಂಗಳು ಮೂರು ದಿನ.

ಅವರಿಗೆ ಪರಮವೀರ ಚಕ್ರ ಬಂತು. ಪ್ರತಿ ಡಿಸೆಂಬರಿನಲ್ಲಿ ಅವರ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ, ಜೊತೆಗೆ ರೇಡಿಯೊದಲ್ಲಿ ಅವರು ಆಡಿದ ಕೊನೆಯ ಮಾತು. ಆದರೆ ಆ ಹುಡುಗ ಅಂದು ಮಾಡುತ್ತಿದ್ದ ಕೆಲಸ ಯಾವುದು, ಅಲ್ಲಿಗೆ ಹೋಗಿದ್ದೇಕೆ, ಹಿಂದೆ ಸರಿದಿದ್ದರೆ ಏನಾಗುತ್ತಿತ್ತು ಎಂಬ ವಿವರ ಆ ಫಾರ್ವರ್ಡ್‌ಗಳಲ್ಲಿ ಇರುವುದಿಲ್ಲ. ನಮ್ಮ ಊರುಗಳ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ವೀರ ಕಾದಾಡುವ ದೃಶ್ಯ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಸಾನ್ನಿಧ್ಯ. ಈಗಿನ ಸ್ಮರಣೆಗಳು ಮೇಲಿನ ಎರಡನ್ನು ಮಾತ್ರ ಕೆತ್ತುತ್ತಿವೆ. ಈ ಲೇಖನ ಕೆಳಗಿನ ಅಂತಸ್ತಿನದು.

ಮೊದಲು ನೆಲ

ಜಮ್ಮುವಿನ ದಕ್ಷಿಣಕ್ಕೆ ಪಾಕಿಸ್ತಾನದ ನೆಲ ಭಾರತದೊಳಕ್ಕೆ ಉಬ್ಬಿಕೊಂಡಂತೆ ಚಾಚಿದೆ. ಇದೇ ಶಕರ್‌ಗಢ ಉಬ್ಬು. ಪಠಾಣ್‌ಕೋಟ್‌ನಿಂದ ಜಮ್ಮುವಿಗೆ ಹೋಗುವ ಹೆದ್ದಾರಿ ಇದರ ನೆತ್ತಿಯ ಮೇಲೆ, ಗಡಿಗೆ ತೀರಾ ಹತ್ತಿರದಲ್ಲಿ ಹಾದುಹೋಗುತ್ತದೆ. ಆಗ ಕಾಶ್ಮೀರಕ್ಕೆ ಸೈನ್ಯ, ಮದ್ದುಗುಂಡು, ದಿನಸಿ ಎಲ್ಲವೂ ಆ ರಸ್ತೆಯಲ್ಲೇ ಹೋಗಬೇಕಿತ್ತು. ಉಬ್ಬಿನೊಳಗಿನ ಪಾಕ್ ಟ್ಯಾಂಕುಗಳು ಒಂದು ರಾತ್ರಿ ಮೇಲೆದ್ದು ಬಂದರೆ ರಸ್ತೆ ತುಂಡಾಗುತ್ತಿತ್ತು. ಆದ್ದರಿಂದ ಕಾಯುತ್ತ ಕೂರುವ ಬದಲು ಉಬ್ಬಿನೊಳಕ್ಕೇ ನುಗ್ಗುವುದು ಭಾರತದ ಒಂದನೇ ಕೋರ್‌ನ (ಹಲವು ಡಿವಿಷನ್‌ಗಳ ದೊಡ್ಡ ಸೇನಾ ಘಟಕ) ಯೋಜನೆ. ಮೇಜರ್ ಜನರಲ್ ಡಬ್ಲ್ಯು.ಎ.ಜಿ. ಪಿಂಟೊ ಅವರ 54ನೇ ಪದಾತಿ ಡಿವಿಷನ್ ಮತ್ತು ಬ್ರಿಗೇಡಿಯರ್ ಎ.ಎಸ್. ವೈದ್ಯ ಅವರ 16ನೇ ಶಸ್ತ್ರಸಜ್ಜಿತ (ಟ್ಯಾಂಕ್) ಬ್ರಿಗೇಡ್ ಜಮ್ಮು ಬಳಿಯ ಸಾಂಬಾ ಕಡೆಯಿಂದ ಇಳಿದವು. ಆ ವೈದ್ಯರೇ ಮುಂದೆ ಸೇನಾ ಮುಖ್ಯಸ್ಥರಾದರು.

ಡಿಸೆಂಬರ್ ಮಧ್ಯಭಾಗದ ಹೊತ್ತಿಗೆ ಎದುರಾದದ್ದು ಬಸಂತರ್ ನದಿ. ನದಿ ಎಂದರೆ ಕಾವೇರಿಯಂಥದಲ್ಲ. ಚಳಿಗಾಲದಲ್ಲಿ ನೀರು ಕಡಿಮೆ, ಮರಳು ಹೆಚ್ಚು, ಅಲ್ಲಲ್ಲಿ ಕೆಸರು. ನಿಜವಾದ ಅಡ್ಡಿ ನೀರಲ್ಲ, ದಡಗಳುದ್ದಕ್ಕೂ ಹುದುಗಿಸಿಟ್ಟ ನೆಲಬಾಂಬುಗಳು.

ಕಾಲಾಳು ದಾಟಿದ ಮೇಲೂ ಟ್ಯಾಂಕ್ ದಾಟದೇಕೆ

ಈ ಒಂದು ವಿಷಯ ತಿಳಿಯದೆ ಬಸಂತರ್ ಅರ್ಥವಾಗುವುದಿಲ್ಲ. ಟ್ಯಾಂಕ್ ನಿರೋಧಕ ನೆಲಬಾಂಬು ಸಿಡಿಯಬೇಕಾದರೆ ಅದರ ಮೇಲೆ ಸುಮಾರು ನೂರೈವತ್ತು ಕಿಲೋಗಿಂತ ಹೆಚ್ಚು ಭಾರ ಬೀಳಬೇಕು. ಮನುಷ್ಯನ ಕಾಲು ಬಿದ್ದರೆ ಸಾಮಾನ್ಯವಾಗಿ ಏನೂ ಆಗದು, ಐವತ್ತು ಟನ್ನಿನ ಟ್ಯಾಂಕ್ ಏರಿದರೆ ಸಿಡಿಯುತ್ತದೆ. ನಡುನಡುವೆ ಮನುಷ್ಯರಿಗೆಂದೇ ಇಟ್ಟ ಸಣ್ಣ ಬಾಂಬುಗಳೂ ಇರುತ್ತವೆ, ಅವುಗಳಿಂದ ಕಾಲು ಹೋಗುತ್ತದೆ, ಜೀವವೂ ಹೋಗುತ್ತದೆ. ಆದರೂ ಹಾನಿ ಸಹಿಸಿಕೊಂಡು ಪದಾತಿದಳ ಕತ್ತಲಲ್ಲಿ ದಾಟಿಬಿಡಬಲ್ಲದು.

ಡಿಸೆಂಬರ್ 15ರ ರಾತ್ರಿ ನಡೆದದ್ದು ಇದೇ. 47ನೇ ಪದಾತಿ ಬ್ರಿಗೇಡ್ ನದಿಯಾಚೆ ನುಗ್ಗಿ ಒಂಬತ್ತು ಗಂಟೆಯ ಹೊತ್ತಿಗೆ ಆಚೆ ದಡದಲ್ಲಿ ಒಂದು ಸಣ್ಣ ನೆಲೆ ಹಿಡಿಯಿತು. ಸೈನಿಕರ ಭಾಷೆಯಲ್ಲಿ ಇದು ಬ್ರಿಜ್‌ಹೆಡ್. ಈ ದಾಳಿಯಲ್ಲಿದ್ದ 16 ಮದ್ರಾಸ್ ಬೆಟಾಲಿಯನ್ ಕನ್ನಡಿಗರೂ ಸೇರುವ ಮದ್ರಾಸ್ ರೆಜಿಮೆಂಟಿನದು. ಅದರ ಕಮಾಂಡಿಂಗ್ ಆಫೀಸರ್ ಲೆಫ್ಟಿನೆಂಟ್ ಕರ್ನಲ್ ವೇದ್ ಪ್ರಕಾಶ್ ಘಾಯ್ ಇದೇ ಕದನದಲ್ಲಿ ಮಡಿದರು, ಮರಣೋತ್ತರ ಮಹಾವೀರ ಚಕ್ರ ಪಡೆದರು. ಜರ್ಪಾಲ್ ಹಿಡಿಯುವ ಹೊಣೆ 3 ಗ್ರೆನೇಡಿಯರ್ಸ್ ಎಂಬ ಇನ್ನೊಂದು ಪದಾತಿ ಬೆಟಾಲಿಯನ್ನಿನದು.

ಇನ್ನು ಸಮಯದ ಲೆಕ್ಕ. ಆಚೆ ದಡದ ಪದಾತಿಯ ಕೈಯಲ್ಲಿರುವುದು ರೈಫಲ್, ಮಷಿನ್ ಗನ್, ಹೊತ್ತು ತಂದಷ್ಟು ಟ್ಯಾಂಕ್ ನಿರೋಧಕ ಆಯುಧ. ಜೀಪಿನ ಮೇಲೆ ಕೂರಿಸುವ, ಟ್ಯಾಂಕ್ ಹೊಡೆಯುವ ಭಾರಿ ಆರ್‌ಸಿಎಲ್ (ರಿಕಾಯಿಲ್‌ಲೆಸ್) ಗನ್‌ಗಳೂ ನೆಲಬಾಂಬಿನ ಈಚೆಗೇ ಉಳಿದಿರುತ್ತವೆ, ಏಕೆಂದರೆ ಜೀಪಿನ ಭಾರಕ್ಕೂ ಬಾಂಬು ಸಿಡಿಯುತ್ತದೆ. ಬೆಳಗಾದರೆ ಶತ್ರುವಿನ ಟ್ಯಾಂಕುಗಳಿಗೆ ಕಣ್ಣು ಬರುತ್ತದೆ. ಆದ್ದರಿಂದ ರಾತ್ರಿ ಹಿಡಿದ ನೆಲೆ ಬೆಳಗಿನ ನಂತರವೂ ಉಳಿಯಬೇಕಾದರೆ ಸೂರ್ಯೋದಯಕ್ಕೆ ಮೊದಲೇ ಟ್ಯಾಂಕುಗಳು ಅಲ್ಲಿಗೆ ಮುಟ್ಟಬೇಕು. ಇಡೀ ಯೋಜನೆ ನಿಂತಿರುವುದು ಎಂಜಿನಿಯರುಗಳು ಬೆಳಕು ಹರಿಯುವ ಮೊದಲು ದಾರಿ ಮಾಡಿಕೊಡುತ್ತಾರೋ ಇಲ್ಲವೋ ಎಂಬುದರ ಮೇಲೆ.

ದಾರಿ ಮಾಡುವುದು ನಿಧಾನದ ಕೆಲಸ. ಟ್ರಾಲ್ ಎಂಬ ಭಾರಿ ಉರುಳೆಗಳನ್ನು ಮುಂದೆ ಕಟ್ಟಿಕೊಂಡ ಟ್ಯಾಂಕ್ ಹೋಗಿ ಬಾಂಬುಗಳನ್ನು ತಾನೇ ಸಿಡಿಸುತ್ತದೆ. ಹಿಂದೆ ಬರುವ ಎಂಜಿನಿಯರುಗಳು ಉಳಿದವನ್ನು ಸಲಾಕೆಯಿಂದ ಓರೆಯಾಗಿ ಚುಚ್ಚಿ ಹುಡುಕುತ್ತಾರೆ. ನೆಟ್ಟಗೆ ಚುಚ್ಚಿದರೆ ಮೊನೆ ಬಾಂಬಿನ ನೆತ್ತಿಗೇ ತಗುಲುತ್ತದೆ, ಓರೆಯಾಗಿ ಚುಚ್ಚಿದರೆ ಪಕ್ಕಕ್ಕೆ ತಗುಲುತ್ತದೆ. ಕೈಯಿಂದ ಮಣ್ಣು ಸರಿಸಿ, ಎತ್ತಿ, ಬದಿಗಿಟ್ಟು, ದಾರಿಯ ಎರಡೂ ಅಂಚಿಗೆ ಪಟ್ಟಿ ಎಳೆದು ಗುರುತು ಹಾಕಬೇಕು. ತಲೆಯ ಮೇಲೆ ಫಿರಂಗಿ ಗುಂಡು ಬೀಳುತ್ತಿರುವಾಗ, ಕತ್ತಲಲ್ಲಿ. ಆ ವಿಭಾಗದಲ್ಲಿ ಈ ಕೆಲಸದ ಮುಂದಾಳಾಗಿದ್ದ 9ನೇ ಎಂಜಿನಿಯರ್ ರೆಜಿಮೆಂಟಿನ ಮೇಜರ್ ವಿಜಯ್ ರತನ್ ಚೌಧರಿ ಅಲ್ಲೇ ಸತ್ತರು, ಅವರಿಗೂ ಮರಣೋತ್ತರ ಮಹಾವೀರ ಚಕ್ರ. ಬಸಂತರ್ ಎಂದರೆ ಖೇತ್ರಪಾಲ್ ಒಬ್ಬರೇ ಎಂದುಕೊಂಡವರು ಈ ಹೆಸರನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.

ದಾರಿ ಅರ್ಧ ಮುಗಿದಿತ್ತು ಅಷ್ಟೆ, ಆಚೆಯಿಂದ ಸುದ್ದಿ ಬಂತು: ಶತ್ರು ಟ್ಯಾಂಕುಗಳ ಓಡಾಟ ಜೋರಾಗಿದೆ, ಕೂಡಲೇ ಬನ್ನಿ. 17 ಪೂನಾ ಹಾರ್ಸ್ ರೆಜಿಮೆಂಟಿನ ಕಮಾಂಡಿಂಗ್ ಆಫೀಸರ್ ಲೆಫ್ಟಿನೆಂಟ್ ಕರ್ನಲ್ ಹನುತ್ ಸಿಂಗ್ ಮುಂದೆ ಎರಡು ಆಯ್ಕೆ. ದಾರಿ ಪೂರ್ತಿಯಾಗುವವರೆಗೆ ಕಾದರೆ ಪದಾತಿ ಹೋದಂತೆಯೇ. ಈಗಲೇ ಹೊರಟರೆ ತೆರವಾಗದ ನೆಲದಲ್ಲಿ ಒಂದರ ಹಿಂದೊಂದು ಸಾಲಾಗಿ, ಮುಂದಿನ ಟ್ಯಾಂಕಿನ ಅಚ್ಚಿನಲ್ಲೇ ಹೋಗಬೇಕು. ಇಲ್ಲಿನ ಅಪಾಯ ಹಲವರು ಅಂದುಕೊಂಡಿರುವಂಥದಲ್ಲ. ನೆಲಬಾಂಬು ಸಾಮಾನ್ಯವಾಗಿ ಟ್ಯಾಂಕನ್ನು ಪುಡಿ ಮಾಡುವುದಿಲ್ಲ, ಅದರ ಪಟ್ಟಾ ಮತ್ತು ಚಕ್ರ ಮುರಿಯುತ್ತದೆ. ಒಳಗಿನವರು ಬದುಕಬಹುದು. ಆದರೆ ಇಕ್ಕಟ್ಟಾದ ದಾರಿಯಲ್ಲಿ ಒಂದು ಟ್ಯಾಂಕ್ ಕುಸಿದು ಕೂತರೆ ಹಿಂದಿನವೆಲ್ಲ ನಿಲ್ಲುತ್ತವೆ. ಬೆಳಗಾದ ಮೇಲೆ ಆ ಸಾಲು ಫಿರಂಗಿಗೆ ಸುಲಭದ ಗುರಿ. ಹನುತ್ ಹೊರಡುವುದೆಂದೇ ತೀರ್ಮಾನಿಸಿದರು, ರೆಜಿಮೆಂಟ್ ದಾಟಿತು. ಆ ಕದನದ ನಾಯಕತ್ವಕ್ಕೆ ಅವರಿಗೆ ಮಹಾವೀರ ಚಕ್ರ ಸಿಕ್ಕಿತು.

ಟ್ಯಾಂಕಿನೊಳಗೆ ಒಬ್ಬ ಸೆಕೆಂಡ್ ಲೆಫ್ಟಿನೆಂಟಿನ ಕೆಲಸ

ಹಾರ್ಸ್ ಎಂದರೆ ಹಿಂದೆ ಕುದುರೆ ದಳ, ಈಗ ಟ್ಯಾಂಕ್ ದಳ. ಒಂದು ಟ್ಯಾಂಕ್ ರೆಜಿಮೆಂಟಿನಲ್ಲಿ 45 ಟ್ಯಾಂಕ್, ಮೂರು ಸ್ಕ್ವಾಡ್ರನ್‌ಗಳಲ್ಲಿ ತಲಾ 14, ಉಳಿದ ಮೂರು ಕೇಂದ್ರ ಕಚೇರಿಯವು. ಸ್ಕ್ವಾಡ್ರನ್‌ನೊಳಗೆ ಮೂರು ಮೂರು ಟ್ಯಾಂಕುಗಳ ಟ್ರೂಪ್. ಹೊಸ ಅಧಿಕಾರಿಗೆ ಸಿಗುವುದು ಇಂಥ ಒಂದು ಟ್ರೂಪ್, ಅಂದರೆ ಮೂರು ಟ್ಯಾಂಕ್, ಹನ್ನೆರಡು ಜನ. ಅವರಲ್ಲಿ ಹೆಚ್ಚಿನವರು ಅಧಿಕಾರಿಗಿಂತ ವಯಸ್ಸಿನಲ್ಲೂ ಅನುಭವದಲ್ಲೂ ದೊಡ್ಡವರು.

ಸೆಕೆಂಡ್ ಲೆಫ್ಟಿನೆಂಟ್ ಎಂಬ ಹುದ್ದೆ ಈಗ ನಮ್ಮ ಸೇನೆಯಲ್ಲಿಲ್ಲ, ಹೊಸಬರು ನೇರ ಲೆಫ್ಟಿನೆಂಟ್ ಆಗಿಯೇ ಸೇರುತ್ತಾರೆ. ಆಗ ಹೆಗಲ ಮೇಲೆ ಒಂದೇ ನಕ್ಷತ್ರ. ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಆಮೇಲೆ ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿ ಮುಗಿಸಿ ಬಂದ ಟ್ಯಾಂಕ್ ಅಧಿಕಾರಿ ಅಹ್ಮದ್‌ನಗರದಲ್ಲಿ (ಈಗಿನ ಅಹಿಲ್ಯಾನಗರ) ಯಂಗ್ ಆಫೀಸರ್ಸ್ ಕೋರ್ಸ್ ಮಾಡಬೇಕು. ಗುರಿ ಹೊಡೆಯುವುದು, ರೇಡಿಯೊ, ಚಾಲನೆ ಮತ್ತು ರಿಪೇರಿ ಕಲಿಯುವುದು ಅಲ್ಲಿ. ಅರುಣ್ ಆ ಕೋರ್ಸಿನಲ್ಲಿದ್ದಾಗಲೇ ಯುದ್ಧ ಬಂತು, ಹುಡುಗರನ್ನು ರೆಜಿಮೆಂಟುಗಳಿಗೆ ವಾಪಸು ಕಳಿಸಿದರು. ಲಾಹೋರಿನಲ್ಲಿ ಗೆದ್ದ ಮೇಲೆ ಆಡಲು ಗಾಲ್ಫ್ ಕ್ಲಬ್ಬುಗಳನ್ನೂ ಹೊತ್ತುಕೊಂಡು ಹೋದರೆಂದು ಎಲ್ಲರೂ ಬರೆಯುತ್ತಾರೆ. ಇಪ್ಪತ್ತೊಂದರ ಹುಡುಗನ ಬಗ್ಗೆ ನಂಬಬಹುದಾದ ಮಾತೇ.

ಅವರು ಹತ್ತಿದ್ದು ಸೆಂಚುರಿಯನ್. ಬ್ರಿಟಿಷ್ ವಿನ್ಯಾಸ, ಸುಮಾರು 50 ಟನ್, 650 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಒಳಗೆ ನಾಲ್ವರು. ಮುಂದೆ ಬಲಗಡೆ ಡ್ರೈವರ್. ಗೋಪುರದ ಬಲಗಡೆ ಗನ್ನರ್, ಅವನ ಹಿಂದೆ ಸ್ವಲ್ಪ ಮೇಲೆ ಕಮಾಂಡರ್. ಎಡಗಡೆ ಲೋಡರ್, ಗುಂಡು ತುಂಬುವುದೂ ರೇಡಿಯೊ ನೋಡಿಕೊಳ್ಳುವುದೂ ಇವನೇ. ಅರುಣ್ ಟ್ಯಾಂಕಿಗೆ ಫಾಮಗುಸ್ತಾ ಎಂದು ಹೆಸರು, ಸೈಪ್ರಸ್‌ನ ಒಂದು ಬಂದರು ಊರಿನದು. ಜೊತೆಗಿದ್ದವರು ಸವಾರ್ (ಟ್ಯಾಂಕ್ ದಳದ ಸಿಪಾಯಿ) ದರ್ಜೆಯ ಪ್ರಯಾಗ್ ಸಿಂಗ್, ನಾಥು ಸಿಂಗ್, ನಂದ್ ಸಿಂಗ್.

ಗುಂಡು ಹಾರುವ ಬಗೆ ಹೀಗೆ. ಕಮಾಂಡರ್ ಗುರಿಯನ್ನು ಮೊದಲು ಕಾಣುತ್ತಾನೆ. ಗೋಪುರವನ್ನು ಆ ದಿಕ್ಕಿಗೆ ತಿರುಗಿಸಿ ಗನ್ನರ್‌ಗೆ ನಾಲ್ಕು ಮಾತು ಹೇಳುತ್ತಾನೆ: ಯಾವ ಬಗೆಯ ಗುಂಡು, ಎಷ್ಟು ದೂರ, ಏನು ಗುರಿ, ಎಲ್ಲಿದೆ. ಲೋಡರ್ ಕೈಯಾರೆ ಗುಂಡು ತುಂಬಿ ಸಿದ್ಧ ಎನ್ನುತ್ತಾನೆ. ಗನ್ನರ್ ದೂರದರ್ಶಕದಲ್ಲಿ ಗುರಿ ಸಿಕ್ಕಿತು ಎನ್ನುತ್ತಾನೆ. ಫೈರ್ ಎಂದರೆ ಹಾರುತ್ತದೆ. ಪಳಗಿದ ತಂಡಕ್ಕೆ ಕೆಲವೇ ಸೆಕೆಂಡು. ಅಷ್ಟರಲ್ಲಿ ಕಮಾಂಡರ್ ಆಗಲೇ ಮುಂದಿನ ಗುರಿ ಹುಡುಕುತ್ತಿರಬೇಕು, ಜೊತೆಗೆ ಉಳಿದ ಎರಡು ಟ್ಯಾಂಕುಗಳಿಗೆ ಎಲ್ಲಿ ನಿಲ್ಲಬೇಕೆಂದು ಹೇಳಬೇಕು, ಸ್ಕ್ವಾಡ್ರನ್ ರೇಡಿಯೊಗೆ ಕಿವಿ ಕೊಡಬೇಕು. ಒಳಗಿನ ಮಾತಿಗೆ ಒಂದು ಸ್ವಿಚ್, ಹೊರಗಿನ ಮಾತಿಗೆ ಇನ್ನೊಂದು. ಗಡಿಬಿಡಿಯಲ್ಲಿ ತಪ್ಪು ಸ್ವಿಚ್ ಒತ್ತಿ ಡ್ರೈವರ್‌ಗೆ ಹೇಳಬೇಕಾದ್ದನ್ನು ಇಡೀ ಸ್ಕ್ವಾಡ್ರನ್‌ಗೆ ಹೇಳಿಬಿಡುವುದು ಹೊಸಬರ ಮಾಮೂಲಿ ತಪ್ಪು.

ದೂರದ ಅಂದಾಜು ತಪ್ಪಿದರೆ ಗುಂಡು ಮೇಲೆ ಹೋಗುತ್ತದೆ ಇಲ್ಲವೇ ಮುಂದೆ ಮಣ್ಣಿಗೆ ಬೀಳುತ್ತದೆ. ಕವಚ ಭೇದಿಸುವ ವೇಗದ ಗುಂಡು ಬಹುತೇಕ ನೇರ ಹಾದಿಯಲ್ಲಿ ಹೋಗುವುದರಿಂದ ಹತ್ತಿರದ ಗುರಿಗಳಲ್ಲಿ ಈ ತಪ್ಪು ಅಷ್ಟು ಕಾಡದು. ಅದಕ್ಕೇ ಗುರಿ ಹೊಡೆಯುವುದರಲ್ಲಿ ಪಳಗಿದ ರೆಜಿಮೆಂಟುಗಳು ಶತ್ರು ಹತ್ತಿರ ಬರುವವರೆಗೆ ತಾಳ್ಮೆಯಿಂದ ಕಾಯುತ್ತವೆ. ಕಾಯುವುದು ಬಾಯಲ್ಲಿ ಸುಲಭ. ಇನ್ನೊಂದು ಸಂಗತಿ: ಮುಚ್ಚಳ ಮುಚ್ಚಿಕೊಂಡರೆ ಕಮಾಂಡರ್‌ಗೆ ಕಾಣುವುದು ಪೆರಿಸ್ಕೋಪಿನ ಸಣ್ಣ ಕಿಂಡಿಗಳಷ್ಟೇ. ಆದ್ದರಿಂದ ಅವನು ತಲೆ ಹೊರಗಿಟ್ಟೇ ಕಾದಾಡಬೇಕಾಗುತ್ತದೆ, ಫಿರಂಗಿ ಚೂರುಗಳಿಗೆ ಮೊದಲು ಸಿಗುವವನೂ ಅವನೇ. ಟ್ಯಾಂಕ್ ದಳದಲ್ಲಿ ಎಳೆಯ ಅಧಿಕಾರಿಗಳು ಲೆಕ್ಕಕ್ಕಿಂತ ಹೆಚ್ಚು ಸಾಯುವುದಕ್ಕೆ ಇದೊಂದು ಕಾರಣ.

16ರ ಬೆಳಿಗ್ಗೆ

ಸುಮಾರು ಎಂಟು ಗಂಟೆಗೆ ಪಾಕ್ ಟ್ಯಾಂಕುಗಳು ಹೊಗೆಯ ಪರದೆ ಹಾಕಿಕೊಂಡು ಜರ್ಪಾಲ್ ಕಡೆ ಪ್ರತಿದಾಳಿ ಮಾಡಿದವು. ಎದುರು ಇದ್ದದ್ದು ಪಾಕಿಸ್ತಾನದ ಟ್ಯಾಂಕ್ ರೆಜಿಮೆಂಟ್ 13 ಲ್ಯಾನ್ಸರ್ಸ್, ಅವರ ಬಳಿ ಅಮೆರಿಕದ ಪ್ಯಾಟನ್ ಟ್ಯಾಂಕ್. ಹೊಗೆಯ ಉದ್ದೇಶ ಸರಳ: ದೂರದಲ್ಲಿ ಕಾಣದಂತೆ ಬಂದು ಹತ್ತಿರದಲ್ಲಿ ಒಮ್ಮೆಲೇ ಎದ್ದು ನಿಲ್ಲುವುದು. ಪೂನಾ ಹಾರ್ಸ್‌ನ ಬಿ ಸ್ಕ್ವಾಡ್ರನ್ ಸಂಖ್ಯೆಯಲ್ಲಿ ಕಡಿಮೆಯಿತ್ತು, ಅದರ ಕಮಾಂಡರ್ ರೇಡಿಯೊದಲ್ಲಿ ನೆರವು ಕೇಳಿದರು.

ಅರುಣ್ ಇದ್ದದ್ದು ಎ ಸ್ಕ್ವಾಡ್ರನ್‌ನಲ್ಲಿ. ಪ್ರಶಸ್ತಿಯ ಅಧಿಕೃತ ಬಿನ್ನವತ್ತಳೆ, ಅಂದರೆ ಸೈಟೇಷನ್, ಹೇಳುವುದು: ರೇಡಿಯೊ ಕೇಳಿ ತಾವಾಗಿಯೇ ತಮ್ಮ ಟ್ರೂಪ್ ಸಮೇತ ಹೊರಟರು. ರೆಜಿಮೆಂಟಿನವರ ಬರಹಗಳು ಹೇಳುವುದು: ಕ್ಯಾಪ್ಟನ್ ಮಲ್ಹೋತ್ರಾ, ಲೆಫ್ಟಿನೆಂಟ್ ಅಹ್ಲಾವತ್, ಅರುಣ್, ಹೀಗೆ ಮೂರು ಟ್ಯಾಂಕ್ ಹೋದವು. ಎರಡರಲ್ಲಿ ಯಾವುದೋ ಸುಳ್ಳು ಎನ್ನಬೇಕಿಲ್ಲ. ಸೈಟೇಷನ್ ಎಂಬುದು ಒಬ್ಬ ವ್ಯಕ್ತಿಯ ಸುತ್ತ ಬರೆಯುವ ಕಾಗದ, ಕದನದ ಪೂರ್ತಿ ಚಿತ್ರ ಕೊಡುವುದು ಅದರ ಕೆಲಸವಲ್ಲ.

ದಾರಿಯಲ್ಲಿ ಇನ್ನೂ ಸೋಲದೆ ಕೂತಿದ್ದ ಶತ್ರು ನೆಲೆಗಳಿಂದ, ಆರ್‌ಸಿಎಲ್ ಗನ್ ಗುಂಡಿಗಳಿಂದ ಹೊಡೆತ ಬಿತ್ತು. ಸುತ್ತುಬಳಸಿ ಹೋಗಲು ಹೊತ್ತಿರಲಿಲ್ಲ. ನೇರ ಆ ಗುಂಡಿಗಳ ಮೇಲೇ ಟ್ಯಾಂಕ್ ಹತ್ತಿಸಿ ತುಳಿದರು, ಉಳಿದವರನ್ನು ಪಿಸ್ತೂಲು ತೋರಿಸಿ ಸೆರೆಹಿಡಿದರು. ಇಲ್ಲೇ ಅವರ ಟ್ರೂಪಿನ ಒಬ್ಬ ಟ್ಯಾಂಕ್ ಕಮಾಂಡರ್ ಸತ್ತರೆಂದು ಸೈಟೇಷನ್ ಹೇಳುತ್ತದೆ. ಬಿ ಸ್ಕ್ವಾಡ್ರನ್ ಬಳಿ ಮುಟ್ಟುವ ಹೊತ್ತಿಗೆ ಶತ್ರುವಿನ ಮೊದಲ ದಾಳಿ ಹಿಂದೆ ಸರಿಯುತ್ತಿತ್ತು. ಅರುಣ್ ಬೆನ್ನಟ್ಟಿದರು, ಒಂದು ಟ್ಯಾಂಕ್ ಹೊಡೆದರು.

ಬೆನ್ನಟ್ಟಿದ್ದು ಸರಿಯೇ? ಟ್ಯಾಂಕ್ ಯುದ್ಧದಲ್ಲಿ ಸರಿಯುತ್ತಿರುವವರ ಹಿಂದೆ ಓಡಬಾರದು ಎಂಬುದು ಹಳೆಯ ಪಾಠ. ಹಿಂದೆ ಅವರ ಇನ್ನೊಂದು ಸಾಲು ಗನ್ ಗುರಿಯಿಟ್ಟು ಕಾಯುತ್ತಿರಬಹುದು. ಸೈಟೇಷನ್ ಇದನ್ನು ಮುಚ್ಚಿಟ್ಟಿಲ್ಲ. ಕದನದ ಆವೇಶದಲ್ಲಿ, ತಮ್ಮದೇ ಓಟದ ಭರದಲ್ಲಿ ಕೊಚ್ಚಿಹೋದರು ಎಂಬ ಅರ್ಥದ ಮಾತು ಅದರಲ್ಲೇ ಇದೆ. ದೇಶದ ಅತ್ಯುನ್ನತ ಶೌರ್ಯ ಪ್ರಶಸ್ತಿಯ ಕಾಗದದಲ್ಲಿ ಹುಡುಗನ ಅವಸರವನ್ನೂ ಬರೆದಿಟ್ಟದ್ದು ಒಳ್ಳೆಯದೇ ಆಯಿತು. ಸಾಮಾಜಿಕ ಜಾಲತಾಣದ ಬರಹಗಳು ಮೊದಲು ಕತ್ತರಿಸುವುದು ಈ ಸಾಲನ್ನೇ.

ಸ್ವಲ್ಪ ಹೊತ್ತಿನಲ್ಲಿ ಶತ್ರು ಒಂದು ಪೂರ್ತಿ ಸ್ಕ್ವಾಡ್ರನ್ ಕಟ್ಟಿಕೊಂಡು ಎರಡನೇ ದಾಳಿಗೆ ಬಂದ. ಅವನು ಆರಿಸಿಕೊಂಡ ಜಾಗ ಈ ಮೂರು ಟ್ಯಾಂಕ್ ನಿಂತಿದ್ದ ಕಡೆ. ಮೂರರಲ್ಲಿ ಅಹ್ಲಾವತ್ ಅವರ ಟ್ಯಾಂಕಿಗೆ ಗುಂಡು ಬಿತ್ತು, ಅವರು ಗಾಯಗೊಂಡರು. ಮಲ್ಹೋತ್ರಾ ಅವರ ಗನ್ ಕೈಕೊಟ್ಟಿತು. ಉಳಿದದ್ದು ಫಾಮಗುಸ್ತಾ. ಅದಕ್ಕೂ ಗುಂಡು ಬಿದ್ದು ಬೆಂಕಿ ಹತ್ತಿತು, ಅರುಣ್‌ಗೆ ತೀವ್ರ ಗಾಯವಾಯಿತು, ರೇಡಿಯೊ ಮುಂದಿದ್ದ ನಂದ್ ಸಿಂಗ್ ಸತ್ತರು.

ಟ್ಯಾಂಕ್ ಬಿಟ್ಟು ಬಾ ಎಂದು ಆದೇಶ ಬಂತು. ಅದು ಹೇಡಿತನದ ಆದೇಶವಲ್ಲ, ಸರಿಯಾದ ಆದೇಶ. ಒಳಗೆ ಪೆಟ್ರೋಲ್, ಸುತ್ತ ಮದ್ದುಗುಂಡು. ಬೆಂಕಿ ಹತ್ತಿದ ಟ್ಯಾಂಕಿನಿಂದ ಕೂಡಲೇ ಜಿಗಿಯಬೇಕು ಎಂದೇ ತರಬೇತಿಯಲ್ಲಿ ಕಲಿಸುವುದು. ಟ್ಯಾಂಕ್ ಹೋದರೆ ಇನ್ನೊಂದು ಬರುತ್ತದೆ, ಪಳಗಿದ ತಂಡ ಸಿಗುವುದು ಕಷ್ಟ.

ಅರುಣ್ ಕೊಟ್ಟ ಉತ್ತರ ಇಂಗ್ಲಿಷಿನಲ್ಲಿತ್ತು. ತಿರುಳು ಇಷ್ಟು: ಇಲ್ಲ ಸರ್, ನಾನು ಟ್ಯಾಂಕ್ ಬಿಡುವುದಿಲ್ಲ. ನನ್ನ ಗನ್ ಇನ್ನೂ ಕೆಲಸ ಮಾಡುತ್ತಿದೆ. ಈ ನನ್ಮಕ್ಕಳನ್ನು ನೋಡಿಕೊಳ್ಳುತ್ತೇನೆ.

ಇದನ್ನು ಎದೆ ತಟ್ಟುವ ಡೈಲಾಗ್ ಎಂದು ಓದುವವರೇ ಹೆಚ್ಚು. ನಡುವಿನ ವಾಕ್ಯವನ್ನು ಟ್ಯಾಂಕಿನವರ ಕಿವಿಯಿಂದ ಕೇಳಬೇಕು. ಟ್ಯಾಂಕಿನ ಹಾನಿಯನ್ನು ಸ್ಥೂಲವಾಗಿ ಮೂರಾಗಿ ಎಣಿಸುತ್ತಾರೆ: ಓಡಲಾಗದ್ದು, ಹೊಡೆಯಲಾಗದ್ದು, ಎರಡೂ ಆಗದೆ ಪೂರ್ತಿ ಹೋದದ್ದು. ಓಡಲಾಗದ ಟ್ಯಾಂಕ್ ಹೊಡೆಯಬಲ್ಲದಾದರೆ ಅದು ನೆಲದಲ್ಲಿ ನೆಟ್ಟ ಫಿರಂಗಿ, ಇನ್ನೂ ಲೆಕ್ಕದಲ್ಲಿದೆ. ಮಲ್ಹೋತ್ರಾ ಅವರ ಟ್ಯಾಂಕ್ ಇದಕ್ಕೆ ವಿರುದ್ಧ: ನೋಡಲು ಗಟ್ಟಿಮುಟ್ಟು, ಗನ್ ಇಲ್ಲ, ಹಾಗಾಗಿ ಲೆಕ್ಕದಲ್ಲಿಲ್ಲ. ಆ ಗಳಿಗೆಯಲ್ಲಿ ಆ ಜಾಗದಲ್ಲಿ ಹೊಡೆಯಬಲ್ಲ ಗನ್ ಒಂದೇ. ಹಿಂದೆ ಪದಾತಿದಳ, ಅದರ ಹಿಂದೆ ಇಕ್ಕಟ್ಟಾದ ನೆಲಬಾಂಬಿನ ದಾರಿ, ಇನ್ನೂ ದಾಟುತ್ತಿರುವ ವಾಹನಗಳು. ಒಂದು ಟ್ಯಾಂಕೂ ಹಿಂದೆ ಸರಿಯಬಾರದು ಎಂದು ಹನುತ್ ಸಿಂಗ್ ಮೊದಲೇ ಹೇಳಿಟ್ಟಿದ್ದಕ್ಕೂ ಕಾರಣ ಇದೇ ದಾರಿ. ಅದರ ಬಾಯಿಗೆ ಶತ್ರು ಬಂದು ನಿಂತರೆ ರಾತ್ರಿಯಿಡೀ ಮಾಡಿದ್ದೆಲ್ಲ ಹೋಯಿತು. ಗನ್ ಕೆಲಸ ಮಾಡುತ್ತಿದೆ ಎಂಬುದು ಒಬ್ಬ ಟ್ರೂಪ್ ಅಧಿಕಾರಿ ಮೇಲಿನವರಿಗೆ ಕೊಟ್ಟ ವರದಿ. ಅಲ್ಲಿಂದ ಮುಂದಿನದು ಅವರ ಸ್ವಂತ ತೀರ್ಮಾನ.

ಆಮೇಲೆ ಇನ್ನೊಂದು ಟ್ಯಾಂಕ್ ಹೊಡೆದರು. ಅದು ನೂರು ಮೀಟರಿನಷ್ಟು ಹತ್ತಿರ ಬಂದಿತ್ತೆಂದು ಬರೆಯುತ್ತಾರೆ. ಅಷ್ಟರಲ್ಲಿ ಫಾಮಗುಸ್ತಾಕ್ಕೆ ಎರಡನೇ ಗುಂಡು ಬಿತ್ತು, ಅರುಣ್ ಅದರೊಳಗೇ ಸತ್ತರು. ಶತ್ರು ಆ ಕಡೆಯಿಂದ ನುಗ್ಗಲಿಲ್ಲ.

ಆ ಮಾತು ನಮಗೆ ತಲುಪಿದ್ದು ಹೇಗೆ, ಪದಕ ಸಿಕ್ಕಿದ್ದು ಹೇಗೆ

ಯುದ್ಧಭೂಮಿಯ ಕೊನೆಯ ಮಾತುಗಳಲ್ಲಿ ಬಹುಪಾಲು ಆಮೇಲೆ ಹುಟ್ಟಿಕೊಂಡವು. ಇದು ಉಳಿದದ್ದು ರೇಡಿಯೊದ ದೆಸೆಯಿಂದ. ಸ್ಕ್ವಾಡ್ರನ್ನಿನ ಎಲ್ಲ ಟ್ಯಾಂಕುಗಳೂ ಒಂದೇ ತರಂಗದಲ್ಲಿರುತ್ತವೆ, ಒಬ್ಬ ಆಡಿದ್ದು ಹಲವರ ಕಿವಿಗೆ ಬೀಳುತ್ತದೆ. ಪದಗಳು ಕೇಳಿದವರ ನೆನಪಿನಿಂದ ಬಂದವು, ಹಾಗಾಗಿ ಬರಹದಿಂದ ಬರಹಕ್ಕೆ ಒಂದೆರಡು ಆಚೀಚೆ ಆಗಿವೆ, ಕೊನೆಯ ಬೈಗುಳ ಮಕ್ಕಳ ಪುಸ್ತಕಗಳಲ್ಲಿ ಮಾಯವಾಗುತ್ತದೆ.

ಶೌರ್ಯ ಪದಕಕ್ಕೆ ಕಣ್ಣಾರೆ ಕಂಡವರ ಹೇಳಿಕೆ ಬೇಕು. ಕಮಾಂಡಿಂಗ್ ಆಫೀಸರ್ ಶಿಫಾರಸು ಬರೆಯುತ್ತಾರೆ, ಅದು ಬ್ರಿಗೇಡ್, ಡಿವಿಷನ್ ಹೀಗೆ ಮೇಲೆ ಹತ್ತಿ ಸೇನಾ ಕೇಂದ್ರ ಕಚೇರಿ ಮತ್ತು ರಕ್ಷಣಾ ಸಚಿವಾಲಯ ದಾಟಿ ರಾಷ್ಟ್ರಪತಿಯವರ ಹೆಸರಿನಲ್ಲಿ ರಾಜಪತ್ರದಲ್ಲಿ ಪ್ರಕಟವಾಗುತ್ತದೆ. ಪ್ರತಿ ಮೆಟ್ಟಿಲಲ್ಲೂ ಪದಕದ ದರ್ಜೆ ಇಳಿಯಬಹುದು, ಏರಬಹುದು. ನೋಡಿದವರೆಲ್ಲ ಸತ್ತುಹೋದರೆ ಸಾಹಸವೂ ಅವರ ಜೊತೆ ಮಣ್ಣಾಗುತ್ತದೆ. ಪರಮವೀರ ಚಕ್ರ 1950ರ ಜನವರಿ 26ರಂದು ಸ್ಥಾಪನೆಯಾಗಿ 1947ರ ಆಗಸ್ಟ್ 15ರಿಂದ ಪೂರ್ವಾನ್ವಯವಾಯಿತು. ಈವರೆಗೆ ಸಿಕ್ಕಿದ್ದು 21 ಮಂದಿಗೆ, ಅವರಲ್ಲಿ 14 ಮಂದಿಗೆ ಮರಣೋತ್ತರ. 1971ರಲ್ಲಿ ನಾಲ್ವರು: ಆಲ್ಬರ್ಟ್ ಎಕ್ಕಾ, ನಿರ್ಮಲ್‌ಜಿತ್ ಸಿಂಗ್ ಸೆಖೋನ್, ಅರುಣ್, ಮತ್ತು ಬದುಕಿ ಪಡೆದ ಮೇಜರ್ ಹೋಶಿಯಾರ್ ಸಿಂಗ್. ಹೋಶಿಯಾರ್ ಸಿಂಗ್ 3 ಗ್ರೆನೇಡಿಯರ್ಸ್‌ನವರು, ಕಾದಾಡಿದ್ದು ಇದೇ ಜರ್ಪಾಲ್‌ನಲ್ಲಿ. ಒಂದೇ ಬಯಲಿಗೆ ಎರಡು ಪರಮವೀರ ಚಕ್ರ. ಪೂನಾ ಹಾರ್ಸ್‌ಗೂ ಎರಡು, ಏಕೆಂದರೆ 1965ರಲ್ಲಿ ಅದರ ಕಮಾಂಡಿಂಗ್ ಆಫೀಸರ್ ಎ.ಬಿ. ತಾರಾಪೋರ್ ಅವರಿಗೂ ಮರಣೋತ್ತರ ಬಂದಿತ್ತು. ಅವರು ಸತ್ತದ್ದು ಸೆಪ್ಟೆಂಬರ್ 16ರಂದು.

ಎಷ್ಟು ಟ್ಯಾಂಕ್ ಹೊಡೆದರು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ: ಆ ಎರಡನೇ ಸುತ್ತಿನಲ್ಲಿ ಶತ್ರುವಿನ ಹತ್ತು ಟ್ಯಾಂಕ್ ನಾಶವಾದವು, ಅವುಗಳಲ್ಲಿ ನಾಲ್ಕು ಅರುಣ್ ಅವರವು. ಅಂತರ್ಜಾಲದಲ್ಲಿ ಓಡಾಡುವ ಸೈಟೇಷನ್ ಪ್ರತಿಗಳಲ್ಲಿ ಈ ವಾಕ್ಯವೇ ಮುರಿದಿದೆ. ಹತ್ತು ನಾಶವಾದವು, ಅವುಗಳಲ್ಲಿ ಎಂದು ಶುರುವಾಗಿ ತಟ್ಟನೆ ಅರುಣ್ ತೀವ್ರವಾಗಿ ಗಾಯಗೊಂಡರು ಎಂದು ಜಿಗಿಯುತ್ತದೆ. ನಡುವೆ ಕೆಲವು ಪದ ಯಾರದೋ ಟೈಪಿಂಗಿನಲ್ಲಿ ಬಿದ್ದುಹೋಗಿವೆ, ಸಾವಿರಾರು ಪುಟಗಳು ಹಾಗೇ ನಕಲು ಮಾಡಿವೆ. ಜೊತೆಗೆ ಹೊಗೆ, ದೂಳು, ಒಂದೇ ಗುರಿಗೆ ಇಬ್ಬರು ಹೊಡೆಯುವ ಸಂದರ್ಭ, ಇವೆಲ್ಲದರ ನಡುವೆ ಯಾರ ಗುಂಡು ಎಂಬ ಲೆಕ್ಕ ಯಾವ ಸೇನೆಯಲ್ಲೂ ಪಕ್ಕಾ ಇರುವುದಿಲ್ಲ. ಹದಿನೈದು, ಇಪ್ಪತ್ತು ಎಂದು ಹೆಚ್ಚಿಸಿ ಬರೆಯುವವರು ಅವರಿಗೆ ಗೌರವ ಸಲ್ಲಿಸುತ್ತಿಲ್ಲ.

ಎದುರಾಳಿಯ ಸಾಕ್ಷಿ

ಕೆಲವೊಮ್ಮೆ ಸಾಕ್ಷಿ ಆಚೆ ಕಡೆಯಿಂದ ಬರುತ್ತದೆ. ಮರುದಿನ, ಡಿಸೆಂಬರ್ 17ರಂದು, ಪಾಕಿಸ್ತಾನದ 35 ಫ್ರಾಂಟಿಯರ್ ಫೋರ್ಸ್ ಪದಾತಿ ಬೆಟಾಲಿಯನ್ನಿನ ಲೆಫ್ಟಿನೆಂಟ್ ಕರ್ನಲ್ ಅಕ್ರಮ್ ರಾಜಾ ತಾವೇ ಮುಂದೆ ನಿಂತು ಜರ್ಪಾಲ್ ಮೇಲೆ ದಾಳಿ ಮಾಡಿ ಸತ್ತರು. ಅವರ ಧೈರ್ಯ ಮೆಚ್ಚಿ ಬರೆದುಕೊಟ್ಟವರು ಎದುರಿಗಿದ್ದ 3 ಗ್ರೆನೇಡಿಯರ್ಸ್‌ನ ಕಮಾಂಡಿಂಗ್ ಆಫೀಸರ್ ವಿ.ಪಿ. ಐರಿ. ಪಾಕಿಸ್ತಾನ ಅಕ್ರಮ್ ರಾಜಾ ಅವರಿಗೆ ಹಿಲಾಲ್-ಎ-ಜುರ್ರತ್ ಎಂಬ ಶೌರ್ಯ ಪ್ರಶಸ್ತಿ ಕೊಟ್ಟಿತು.

ಕರ್ನಾಟಕದ್ದೇ ಉದಾಹರಣೆ ಬೇಕೆಂದರೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಇದ್ದಾರೆ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದವರು ಮರಳಲಿಲ್ಲ. ಅವರಿಗೇನಾಯಿತೆಂದು ನಮ್ಮವರ ಕಣ್ಣಿಗೆ ಬಿದ್ದಿರಲಿಲ್ಲ. ತಮ್ಮದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಯುದ್ಧವಿಮಾನ ಒಂದನ್ನು ಅವರು ಹೊಡೆದುರುಳಿಸಿದ್ದರೆಂಬುದು ಪಾಕಿಸ್ತಾನದ ಕಡೆಯ ದಾಖಲೆಗಳಿಂದ ಆಮೇಲೆ ಗೊತ್ತಾಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಬಿಟ್ಟು.

ಖೇತ್ರಪಾಲ್ ಮನೆತನದ ಮೂಲವೂ ಆ ಸರ್ಗೋಧಾವೇ. ಅರುಣ್ ತಂದೆ ಎಂ.ಎಲ್. ಖೇತ್ರಪಾಲ್ ಸೇನೆಯ ಎಂಜಿನಿಯರ್ಸ್ ಕೋರ್‌ನಲ್ಲಿ ಬ್ರಿಗೇಡಿಯರ್ ಆಗಿ ನಿವೃತ್ತರಾದವರು. 2001ರಲ್ಲಿ, ಎಂಬತ್ತು ದಾಟಿದ ಮೇಲೆ, ಹುಟ್ಟೂರು ನೋಡಲು ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಆತಿಥ್ಯ ನೀಡಿದವರು ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸಿರ್. ಹೊರಡುವ ಮೊದಲ ರಾತ್ರಿ ನಾಸಿರ್ ಹೇಳಿದರು: 1971ರಲ್ಲಿ ನಾನು 13 ಲ್ಯಾನ್ಸರ್ಸ್‌ನಲ್ಲಿದ್ದೆ, ನಿಮ್ಮ ಮಗನಿಗೆ ಎದುರಾಗಿ ನಿಂತದ್ದು ನಾನೇ, ಅವನು ಸತ್ತದ್ದು ನನ್ನ ಕೈಯಿಂದ. ಈ ಭೇಟಿಯ ಬಗ್ಗೆ ಬಂದ ಬರಹಗಳಲ್ಲಿ ಕಣ್ಣೀರು ಧಾರಾಳವಾಗಿದೆ. ಅದನ್ನು ಬದಿಗಿಟ್ಟರೂ ಒಂದು ಗಟ್ಟಿ ಅಂಶ ಉಳಿಯುತ್ತದೆ: ಆ ಬೆಳಿಗ್ಗೆ ಜರ್ಪಾಲ್ ಮುಂದೆ ತಮ್ಮ ದಾಳಿ ನಿಂತದ್ದು ಯಾವ ಟ್ಯಾಂಕಿನಿಂದ ಎಂಬುದು ಎದುರಿನವರಿಗೂ ನೆನಪಿತ್ತು.

ಶಾಲೆಯ ಗೋಡೆಗೆ, ಭಾಷಣಕ್ಕೆ, ಲೇಖನಕ್ಕೆ ಬರೆಯುವಾಗ

ಮಡಿದ ಅಧಿಕಾರಿಯ ಬಗ್ಗೆ ಬರೆಯುವಾಗ ಮೊದಲು ನಾಲ್ಕು ಸಂಗತಿ ಖಚಿತ ಮಾಡಿಕೊಳ್ಳಿ: ಸಾಯುವ ಹೊತ್ತಿನ ಹುದ್ದೆ, ಘಟಕ, ಜಾಗ, ದಿನಾಂಕ. ಅರುಣ್ ಅವರನ್ನು ಕ್ಯಾಪ್ಟನ್ ಎಂದು ಬರೆಯುವುದು ತಪ್ಪು, ಬಸಂತರನ್ನು ಅದೇ ಯುದ್ಧದ, ರಾಜಸ್ಥಾನದ ಲೋಂಗೇವಾಲಾ ಕದನದ ಜೊತೆ ಬೆರೆಸುವುದು ಇನ್ನೂ ದೊಡ್ಡ ತಪ್ಪು. ಅತಿ ಕಿರಿಯ ಪರಮವೀರ ಎಂಬ ಮಾತು 1999ರವರೆಗೆ ನಿಜ. ಕಾರ್ಗಿಲ್‌ನಲ್ಲಿ 19ರ ಯೋಗೇಂದ್ರ ಸಿಂಗ್ ಯಾದವ್ ಅದನ್ನು ಪಡೆದ ಮೇಲೆ ಅಲ್ಲ. ಎರಡನೆಯದಾಗಿ ಸೈಟೇಷನ್ನನ್ನು ಪೂರ್ತಿ ಓದಿ, ಅದನ್ನು ರೆಜಿಮೆಂಟಿನವರ ಬರಹದ ಪಕ್ಕ ಇಟ್ಟು ನೋಡಿ, ಎರಡೂ ಒಪ್ಪುವ ಅಂಶವನ್ನು ಸಂಗತಿಯಾಗಿ ಬರೆಯಿರಿ, ಒಪ್ಪದ್ದನ್ನು ಯಾರು ಹೇಳಿದ್ದು ಎಂದು ಸೇರಿಸಿ ಬರೆಯಿರಿ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರವರಿ 25ರಂದು ತೆರೆಯಿತು. ಅದರ ತ್ಯಾಗ ಚಕ್ರದ ಗೋಡೆಗಳಲ್ಲಿ ಮಡಿದವರ ಹೆಸರು, ಹುದ್ದೆ ಮತ್ತು ಘಟಕ ಕೆತ್ತಿದ್ದಾರೆ. ಕಾಗುಣಿತಕ್ಕೂ ಹುದ್ದೆಗೂ ಅದೇ ಒಳ್ಳೆಯ ಆಧಾರ. ಪರಮ ಯೋಧ ಸ್ಥಳದಲ್ಲಿ 21 ಪರಮವೀರರ ಪ್ರತಿಮೆಗಳಿವೆ. 2023ರ ಜನವರಿ 23ರಂದು ಅಂಡಮಾನಿನ 21 ದ್ವೀಪಗಳಿಗೆ ಇವರ ಹೆಸರಿಟ್ಟಾಗ ಒಂದು ಖೇತ್ರಪಾಲ್ ದ್ವೀಪವಾಯಿತು. ಫಾಮಗುಸ್ತಾವನ್ನು ದುರಸ್ತಿ ಮಾಡಿ ಅಹ್ಮದ್‌ನಗರದ ಟ್ಯಾಂಕ್ ದಳ ಕೇಂದ್ರದಲ್ಲಿ, ಅಂದರೆ ಅರುಣ್ ಕೋರ್ಸ್ ಮುಗಿಸದೆ ಹೊರಟ ಜಾಗದಲ್ಲೇ, ಕಾಪಾಡಿದ್ದಾರೆ.

ಇನ್ನೊಂದು ಸಾಲಿಗೆ ಜಾಗ ಇದ್ದರೆ ಟ್ಯಾಂಕಿನ ಉಳಿದ ಮೂವರ ಹೆಸರು ಬರೆಯಿರಿ. ನಾಲ್ಕು ಜನರಿಲ್ಲದೆ ಆ ಗನ್ ಹಾರುವುದಿಲ್ಲ, ಅವರಲ್ಲಿ ನಂದ್ ಸಿಂಗ್ ಅರುಣ್‌ಗಿಂತ ಮೊದಲೇ ಸತ್ತಿದ್ದರು.